ಟಾಕಿ ಇಳಿಸುವ ಯಮನಪ್ಪ

ಯಮನಪ್ಪನ ಹೆಸರು ಕೇಳಿದವರು ಮೊದಲು ನಗುತ್ತಿದ್ದರು. ಹುಬ್ಬಳ್ಳಿಯ ಲಾರಿ ಅಡ್ಡೆಯಲ್ಲಿ ಚಹಾ ಕುಡಿಯುತ್ತ ನಿಂತ ಡ್ರೈವರುಗಳಿಗೆ ಅದೊಂದು ಖಾಯಂ ಚಾಷ್ಟಿ. "ಯಮನ ಕೈಯಾಗ ಗಾಡಿ ಕೊಟ್ಟರ ತಿರುಗಿ ಬರತೈತೇನಪಾ?" ಎಂದು ಒಬ್ಬ ಕೇಳಬೇಕು, ಉಳಿದವರು ಹೋ ಎನ್ನಬೇಕು. ಯಮನಪ್ಪ ಸಿಟ್ಟಿಗೇಳುತ್ತಿರಲಿಲ್ಲ. "ಬರತೈತ್ರಿ. ಬರೂ ಮುಂದ ಟಾಕಿ ತೊಳಕೊಂಡು ಬರತೈತಿ" ಎಂದು ಹೇಳಿ, ಎಣ್ಣೆಯ ಕೈ ಒರೆಸಿಕೊಳ್ಳುತ್ತ ತನ್ನ ಕೆಲಸಕ್ಕೆ ಹೋಗುತ್ತಿದ್ದ.

ಅವನದೊಂದು ಹಟವಿತ್ತು. ಎಂಜಿನ್ನಿಗೆ ಪೆಟ್ರೋಲು ಎಳೆದುಕೊಡುವ ಪಂಪು ಕೆಟ್ಟಿತೆಂದು ಯಾರೇ ಗಾಡಿ ತರಲಿ, ಪಂಪು ಬದಲಿಸುವುದರ ಜೊತೆಗೆ ಪೆಟ್ರೋಲಿನ ಟಾಕಿಯನ್ನೂ ಇಳಿಸಿ ತೊಳೆಯಲೇಬೇಕು. ಬೇರೆ ಮಿಸ್ತ್ರಿಗಳು ಒಂದು ತಾಸಿನಲ್ಲಿ ಪಂಪು ಬಿಗಿದು ಕಳಿಸಿದರೆ ಇವನು ಇಡೀ ಒಂದು ದಿನ ಹಿಡಿಯುವನು. ಕೇಳಿದರೆ, "ಬಾವಿ ಹೊಲಸಿಟ್ಟು ಹೊಸಾ ಹಗ್ಗ ತಂದರ ನೀರು ಛಲೋ ಆಗತೈತೇನ್ರಿ?" ಎನ್ನುವನು. ಈ ಹಟದಿಂದ ಅವನಿಗೆ ಗಿರಾಕಿಗಳು ಕಡಿಮೆಯಾದರು, ಆದರೆ ಅವನು ಕಳಿಸಿದ ಗಾಡಿ ಅದೇ ರೋಗ ಹೊತ್ತು ತಿರುಗಿ ಬಂದದ್ದಿಲ್ಲ. ಒಂದು ಸಲ ಮಾತ್ರ ಬಂತು. ಆ ಕಥೆಯನ್ನೇ ಹೇಳಹೊರಟಿದ್ದೇನೆ. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ನಾನು ಬಸಣ್ಣ. ಆಗ ಕಮರಿಪೇಟೆಯ ಧಾನ್ಯದ ವ್ಯಾಪಾರಿ ಫಕೀರಪ್ಪನವರ ಲಾರಿಯ ಡ್ರೈವರ. ಮುಲ್ಕಿ ಪರೀಕ್ಷೆ ಪಾಸಾದವನೆಂದು ನನಗೆ ಸ್ವಲ್ಪ ಜಂಬ. ಲಾರಿ ಯುದ್ಧದ ಕಾಲದ್ದು, ಮಿಲಿಟರಿಯವರ ಲಿಲಾವಿನಲ್ಲಿ ಕೂಗಿ ತಂದ ಪೆಟ್ರೋಲಿನ ಗಾಡಿ. ಫಕೀರಪ್ಪನವರಿಗೆ ಹೆಬ್ಬಳ್ಳಿಯಲ್ಲಿ ದೊಡ್ಡ ಜಮೀನು. ಅಲ್ಲಿಯ ಶೇಂಗಾ, ಜೋಳ, ಕಡಲೆ ಎಲ್ಲವೂ ಈ ಲಾರಿಯ ಬೆನ್ನೇರಿಯೇ ಹುಬ್ಬಳ್ಳಿಗೆ ಬರಬೇಕು. ಸಾವಕಾರರು ಕೆಟ್ಟವರಲ್ಲ, ಆದರೆ ಅವಸರದವರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

ಯಮನಪ್ಪನೂ ಹೆಬ್ಬಳ್ಳಿಯವನೇ, ಊರ ಹೊರಗಿನ ಕೇರಿಯವನು. ಹುಬ್ಬಳ್ಳಿಗೆ ಬಂದು ಹನ್ನೊಂದು ವರ್ಷ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿದು, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವಷ್ಟು ಕಲಿತಿದ್ದ. ಆಮೇಲೆ ಅಡ್ಡೆಯ ಬಯಲಲ್ಲೇ ಗಾಡಿ ರಿಪೇರಿ ಮಾಡುತ್ತ, ಸ್ವಂತ ಗ್ಯಾರೇಜು ಹಾಕಬೇಕೆಂದು ಎರಡು ವರ್ಷ ಜಾಗ ಹುಡುಕಿದ. ಜಾಗ ಕೇಳಲು ಹೋದಲ್ಲೆಲ್ಲ ಮೊದಲು ಹೆಸರು ಕೇಳುವರು, ಆಮೇಲೆ ಊರು, ಆಮೇಲೆ "ಊರಾಗ ಯಾವ ಓಣಿ?" ಎನ್ನುವರು. ಓಣಿ ಯಾವುದೆಂದು ಹೇಳಿದೊಡನೆ ಆ ಜಾಗ ಬೇರೆಯವರಿಗೆ ಮಾತಾಗಿಬಿಟ್ಟಿರುತ್ತಿತ್ತು. ಹುಬ್ಬಳ್ಳಿಯಂಥ ಶಹರದಲ್ಲೂ ಹೀಗೆ. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಗಬ್ಬೂರಿನ ಹತ್ತಿರ ರಸ್ತೆಯ ಬದಿಗೇ ಫಕೀರಪ್ಪನವರದೊಂದು ತಗಡಿನ ಶೆಡ್ಡಿತ್ತು. ಮೊದಲು ಅದರಲ್ಲಿ ಹೊಟ್ಟು ತುಂಬುತ್ತಿದ್ದರು, ಈಗ ಖಾಲಿ. ೧೯೬೧ರ ದಸರೆಯಲ್ಲಿ ಬನ್ನಿ ಕೊಡಲು ಬಂದ ಯಮನಪ್ಪ ಧೈರ್ಯ ಮಾಡಿ ಅದನ್ನು ಕೇಳಿದ. ಹಬ್ಬದ ದಿನ, ಸಾವಕಾರರು ಖುಷಿಯಲ್ಲಿದ್ದರು.

"ಸುಗ್ಗಿ ಚಾಲೂ ಆಗೇತಿ. ಈವತ್ತಿನಿಂದ ದೀಪಾವಳಿ ಪಾಡ್ಯದ ಮಟಾ ನಮ್ಮ ಲಾರಿ ಹಾದ್ಯಾಗ ನಿಂದರದಂಗ ನೋಡ್ಕೋ. ಶೆಡ್ಡು ನಿನಗ. ನಿಂತ್ತು ಅಂದ್ರ ಮತ್ತ ಕೇಳಬ್ಯಾಡ" ಎಂದರು.

ಯಮನಪ್ಪ ಮರುದಿನವೇ ಹೆಂಡತಿ ಕಸ್ತೂರೆವ್ವನನ್ನು ಕರೆತಂದು ಶೆಡ್ಡು ಗುಡಿಸಿದ. ಆಕೆ ಒಳಗೆಲ್ಲ ಸೆಗಣಿ ಸಾರಿಸಿ, ಬಾಗಿಲ ಮುಂದೆ ರಂಗೋಲಿ ಹಾಕಿದಳು. ಇನ್ನೂ ತಮ್ಮದಾಗದ ಶೆಡ್ಡಿಗೆ ಅಷ್ಟು ಅಚ್ಚುಕಟ್ಟು ಯಾಕೆಂದು ನಾನು ಕೇಳಿದ್ದಕ್ಕೆ, "ಆಗೂದು ಐತಲ್ರಿ, ಅದಕ್ಕ" ಎಂದಳು.

ನಾಲ್ಕೇ ದಿನಕ್ಕೆ ಲಾರಿ ಗೊರಗೊರ ಎಂದಿತು. ಅಡ್ಡೆಯಲ್ಲೇ ಹೀಗಾದದ್ದರಿಂದ ಹಾದಿಯಲ್ಲಿ ನಿಂತ ಲೆಕ್ಕವಾಗಲಿಲ್ಲ. ಯಮನಪ್ಪ ಪಂಪು ಬಿಚ್ಚಿ ಒಳಗಿನ ರಬ್ಬರಿನ ಪರದೆ ತೋರಿಸಿದ. ಹಳೆಯದಾಗಿ ಸೀಳಿತ್ತು. ಸಾವಕಾರರು ಹೊಸ ಪಂಪು ತರಿಸಿಕೊಟ್ಟರು. ಅದನ್ನು ಕೂರಿಸುವ ಮೊದಲು ಯಮನಪ್ಪ ಹಳೇ ಪಂಪಿನ ಗಾಜಿನ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದ.

"ತಳದಾಗ ಬೆಳ್ಳಗ ಏನೋ ಕೂತೈತ್ರಿ ಸಾವಕಾರ್ರ. ಟಾಕಿ ಇಳಸಬೇಕಾಕ್ಕತಿ. ಒಂದ ದಿನ ಕೊಡ್ರಿ."

"ಒಂದ ದಿನ? ಹೆಬ್ಬಳ್ಳ್ಯಾಗ ಕಣದ ಮ್ಯಾಲೆ ನೂರು ಚೀಲ ಶೇಂಗಾ ಬಿದ್ದೈತಿ, ಮ್ಯಾಲೆ ಮೋಡ ಹಾಕೇತಿ. ಟಾಕಿ ಆಮ್ಯಾಲೆ ತೊಳ್ಯಾಕ ಬರತೈತಿ. ಲಗೂ ಪಂಪ ಹಾಕು."

ಯಮನಪ್ಪ ನನ್ನ ಮುಖ ನೋಡಿದ. ನಾನು ಮೋಡ ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಅವನು ಹಟ ಬಿಟ್ಟು, ಟಾಕಿ ಮುಟ್ಟದೆ ಪಂಪು ಬಿಗಿದ. ಶೆಡ್ಡಿನ ಆಸೆ ಅವನ ಕೈ ಕಟ್ಟಿಹಾಕಿತ್ತು.

ಅಂದು ಶೇಂಗಾ ಸುಖವಾಗಿ ಬಂತು. ಮೂರನೆಯ ದಿನ ರಾಯಾಪುರದ ಹತ್ತಿರ ಲಾರಿ ಇದ್ದಕ್ಕಿದ್ದಂತೆ ಉಸಿರು ಬಿಟ್ಟು ನಿಂತಿತು. ಹದಿನೈದು ನಿಮಿಷ ಬಿಟ್ಟು ಹ್ಯಾಂಡಲ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಶುರುವಾಯಿತು! ಸಾವಕಾರರಿಗೆ ನಾನು ಹೇಳಲಿಲ್ಲ. ಮುಂದಿನ ವಾರ ಮತ್ತೆ ಅದೇ ಕಥೆ, ಆಗಲೂ ಹೇಳಲಿಲ್ಲ. ಮೂರನೆಯ ಸಲ ಹೇಳುವ ಅಗತ್ಯವೇ ಬೀಳಲಿಲ್ಲ. ಯಾಕೆಂದರೆ ಸಾವಕಾರರೂ ಅವರ ತಾಯಿ ಕಾಳವ್ವನವರೂ ನನ್ನ ಮಗ್ಗುಲಲ್ಲೇ ಕೂತಿದ್ದರು. ಉಣಕಲ್ ಕೆರೆಯ ಹತ್ತಿರ ಲಾರಿ ನಿಂತಿತು. ಹಿಂದಿನಿಂದ ಬಂದ ಎತ್ತಿನ ಗಾಡಿಯವನು, "ಅವ್ವಾರ, ನಮ್ಮ ಗಾಡಿ ಹತ್ರಿ, ಇದಕ್ಕ ಹುಲ್ಲು ಹಾಕಿದ್ರ ಸಾಕು, ನಡೀತೈತಿ" ಎಂದು ನಕ್ಕ. ಕಾಳವ್ವನವರೂ ನಕ್ಕರು. ಸಾವಕಾರರು ನಗಲಿಲ್ಲ.

ಸಂಜೆ ಲಾರಿ ಅಡ್ಡೆಗೆ ಬರುತ್ತಲೇ ಅವರು ಯಮನಪ್ಪನನ್ನು ಕರೆಸಿದರು. ಚಹಾದಂಗಡಿಯ ಮುಂದೆ ಹತ್ತು ಹದಿನೈದು ಡ್ರೈವರುಗಳು ನಿಂತಿದ್ದರು. ಅವರೆಲ್ಲರ ಎದುರಿಗೇ ಸಾವಕಾರರು ಕೂಗಿದರು.

"ಹೊಸಾ ಪಂಪ ಎಲ್ಲಿ ಮಾರಿದ್ಯೋ ಯಮನ್ಯಾ? ಹಳೇದಕ್ಕ ಎಣ್ಣಿ ಒರಸಿ ಕೂಡ್ಸಿ, ನನ್ನ ಕುರಿ ಮಾಡ್ತಿಯೇನು? ಕಳ್ಳ! ಶೆಡ್ಡ ಬ್ಯಾರೆ ಬೇಕಂತ ಇವಗ!"

ಹೊಸ ಪಂಪು ಕೂರಿಸಿದ್ದನ್ನು ಕಣ್ಣಾರೆ ಕಂಡವನು ನಾನು. ಬಾಯಿ ಬಿಟ್ಟು ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಸಾವಕಾರರ ಕಣ್ಣು ನೋಡಿ ನನ್ನ ನಾಲಿಗೆ ಸೇದಿಹೋಯಿತು. ನೌಕರಿ ಹೋದೀತೆಂಬ ಹೆದರಿಕೆ. ಹೊಟ್ಟೆಪಾಡು ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಹೊಟ್ಟೆಪಾಡಲ್ಲ, ಹೇಡಿತನ.

ಯಮನಪ್ಪನ ಮುಖ ಕಪ್ಪಿಟ್ಟಿತು. ಸಾವಕಾಶ ಹೇಳಿದ: "ನಾಳೆ ಗಾಡಿ ಗಬ್ಬೂರ ಶೆಡ್ಡಿಗೆ ಕಳಸ್ರಿ. ಟಾಕಿ ಇಳಸ್ತೀನಿ. ಪಂಪಿನ ಮ್ಯಾಲಿನ ನಂಬರ ನೀವೇ ಬಂದು ನೋಡ್ರಿ. ಆಮ್ಯಾಲೆ ಏನ ಬೇಕಾದ್ದು ಅನ್ರಿ."

"ನಾಳೆ ಸಂಜಿ ಮಟಾ. ಅಷ್ಟ" ಎಂದರು ಸಾವಕಾರರು.

ಮರುದಿನ ಬೆಳಿಗ್ಗೆ ನಾನು ಲಾರಿ ಒಯ್ದಾಗ ಗಂಡ ಹೆಂಡತಿ ಇಬ್ಬರೂ ಕಾದಿದ್ದರು. ಯಮನಪ್ಪ ಮೊದಲು ನನ್ನ ಬೀಡಿ, ಕಡ್ಡಿಪೆಟ್ಟಿಗೆ ತೆಗೆದುಕೊಂಡು ಒಂದು ಡಬ್ಬಿಯಲ್ಲಿ ಹಾಕಿ, ದೂರದ ಬೇವಿನ ಗಿಡದ ಬುಡಕ್ಕೆ ಇಟ್ಟು ಬಂದ. ಖಾಲಿ ಟಾಕಿ ತುಂಬಿದ ಟಾಕಿಗಿಂತ ಕೆಟ್ಟದ್ದು, ಅದರ ಹೊಟ್ಟೆಯಲ್ಲಿ ಪೆಟ್ರೋಲಿನ ಹಬೆ ಇರುತ್ತದೆ, ಒಂದು ಕಿಡಿ ಸಾಕು ಎನ್ನುವುದು ಅವನ ಪಾಠ. ಪೆಟ್ರೋಲನ್ನೆಲ್ಲ ಧೋತರದ ಅರಿವೆಯಲ್ಲಿ ಸೋಸಿ ಡಬ್ಬಿಗಳಿಗೆ ತುಂಬಿಸಿದ. ನಟ್ಟು ಬಿಚ್ಚಿ, ಪಟ್ಟಿ ಸಡಿಲಿಸಿ, ಟಾಕಿಯನ್ನು ಎದೆಯ ಮೇಲೆ ಹೊತ್ತು ಇಳಿಸಿದ. ಬಾಯಿಂದ ಎರಡು ಬೊಗಸೆ ಹಳ್ಳದ ಹರಳು, ಅದರ ಮೇಲೆ ಚಿಮಣಿ ಎಣ್ಣೆ ಸುರಿದು ಮುಚ್ಚಳ ಬಿಗಿದ.

ಆಮೇಲೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಕೂತು ಟಾಕಿಯನ್ನು ಆ ಕಡೆ ಈ ಕಡೆ ಉರುಳಿಸತೊಡಗಿದರು. ಇಬ್ಬರು ಎದುರುಬದುರು ಬೀಸುಕಲ್ಲಿಗೆ ಕೂತ ಹಾಗಿತ್ತು. ಒಳಗೆ ಹರಳು ಗರಗರ ಎಂದು ತುಕ್ಕು ಕೆರೆಯುತ್ತಿದ್ದವು. ನಾನೂ ಕೈ ಹಚ್ಚಲು ಹೋದೆ. ಕಸ್ತೂರೆವ್ವ ತಲೆ ಎತ್ತಲಿಲ್ಲ.

"ನೀವು ದೂರ ನಿಂದರ್ರಿ. ನಿನ್ನೆನೂ ದೂರಾನ ನಿಂತಿದ್ರಲ್ಲ" ಎಂದಳು.

ಅರ್ಧ ತಾಸಾದ ಮೇಲೆ ಯಮನಪ್ಪ ಟಾಕಿ ಬಗ್ಗಿಸಿ ಎಲ್ಲವನ್ನೂ ಧೋತರದ ಮೇಲೆ ಸುರಿದ. ಹರಳು ಬಂದವು, ತುಕ್ಕಿನ ಹೊಟ್ಟು ಬಂತು, ಬಿಳಿಯ ರಾಡಿ ಬಂತು. ಕೊನೆಗೆ ಏನೋ ಬಾಯಿಗೆ ಸಿಕ್ಕಿಕೊಂಡಿತು. ಅವನು ಎರಡು ಬೆರಳು ಹಾಕಿ ಎಳೆದ. ಕಂದು ತಿರುಗಿದ, ಚರ್ಮದ ಹಾಗೆ ಮೆತ್ತಗಾದ ಎಲೆ. ಅದರ ಹಿಂದೆ ಇನ್ನೊಂದು. ಎಲ್ಲ ಸೇರಿ ಐದು. ಒಂದೊಂದಕ್ಕೂ ಮೂರು ದಳ.

"ಬಿಲ್ಪತ್ರಿ" ಎಂದಳು ಕಸ್ತೂರೆವ್ವ.

ನನಗೆ ಎಲ್ಲ ಒಮ್ಮೆಲೇ ನೆನಪಾಯಿತು. ಬನ್ನಿಯ ಹಿಂದಿನ ದಿನ, ಆಯುಧ ಗಾಡಿಗಳ ಖಂಡೇಪೂಜೆ. ಕಾಳವ್ವನವರಿಗೆ ಲಾರಿಯೆಂದರೆ ಪ್ರೀತಿ, ಅದನ್ನು 'ಬಸವ' ಎಂದೇ ಕರೆಯುವರು. ಪೂಜೆ ಮುಗಿಸಿ ಅವರು ನನ್ನನ್ನು ಕೇಳಿದ್ದರು: "ಎತ್ತಿಗೆ ಹಬ್ಬಕ್ಕ ಹೋಳಿಗಿ ತಿನ್ನಸ್ತೀವಿ. ಈ ಬಸವಗ ಏನ ತಿನ್ನಸೂದೋ ಬಸಣ್ಣ? ಬಾಯಿ ಎಲ್ಲೈತಿ ಇದರದು?" ನಾನು ಜಾಣತನ ತೋರಿಸಲು ಟಾಕಿಯ ಮುಚ್ಚಳ ತೆಗೆದು, "ಬಾಯಿ ಇದ ನೋಡ್ರಿ ಅವ್ವಾರ" ಎಂದಿದ್ದೆ. ಅವರು ಒಂದು ಉದ್ಧರಣೆ ತೀರ್ಥ, ಒಂದು ಚಿಟಿಕೆ ವಿಭೂತಿ, ಐದು ಪತ್ರಿ ಒಳಗೆ ಹಾಕಿ ಕೈ ಮುಗಿದರು. ಟಾಕಿಯ ಬಾಯಿಗಿದ್ದ ಸೋಸುವ ಜಾಳಿಗೆ ಎಂದೋ ಹರಿದುಹೋಗಿತ್ತು, ತಡೆಯಲು ಏನೂ ಇರಲಿಲ್ಲ. ಅವರ ಹಿಂದೆ ನಾನೂ ಭಕ್ತಿಯಿಂದ ಕೈ ಮುಗಿದಿದ್ದೆ!

ತಡವರಿಸುತ್ತ ಇದನ್ನೆಲ್ಲ ಹೇಳಿದೆ. ಯಮನಪ್ಪ ಸಿಟ್ಟಾಗುವ ಬದಲು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ರೋಗ ಸಿಕ್ಕ ವೈದ್ಯನ ಸಮಾಧಾನ ಅವನದು.

"ಹಳೇ ಪಂಪಿಗೆ ಎಳಿಯೂ ಶಕ್ತಿ ಇರಲಿಲ್ಲ. ಹೊಸಾದು ಜೋರ ಎಳೀತೈತಿ, ಎಲಿ ಬಂದು ನಳಗಿ ಬಾಯಿಗೆ ಕೂಡತೈತಿ, ಗಾಡಿ ನಿಂದರತೈತಿ. ಎಂಜಿನ್ ಬಂದ್ ಆತು ಅಂದ್ರ ಎಳೆತ ಇಲ್ಲ, ಎಲಿ ಕೆಳಗ ಬೀಳತೈತಿ, ಗಾಡಿ ಮತ್ತ ನಡೀತೈತಿ. ಪಂಪ ಹೊಸಾದು ಅನ್ನೂದಕ್ಕ ಇದ ಸಾಕ್ಷಿ ನೋಡು ಬಸಣ್ಣ."

ಕಸ್ತೂರೆವ್ವನಿಗೆ ಆ ಸಮಾಧಾನ ಇರಲಿಲ್ಲ. "ನೆನಪು ಈಗ ಬಂತು ಅಂತೀರಿ, ಆಗಲಿ. ಹೊಸಾ ಪಂಪ ಹಾಕಿದ್ದು ನಿನ್ನೆನೂ ನೆನಪಿತ್ತಲ್ರಿ? ಹತ್ತ ಮಂದಿ ಮುಂದ ಇವರನ್ನ ಕಳ್ಳ ಅಂದಾಗ ನಿಮ್ಮ ಬಾಯಾಗ ಏನಿತ್ತು?" ಎಂದು ಕೇಳಿದಳು.

ಈಗ ಯಮನಪ್ಪನಿಗೆ ಅತ್ತ ದರಿ ಇತ್ತ ಪುಲಿ. ದೇವರ ಪತ್ರಿಯಿಂದ ಗಾಡಿ ನಿಂತಿತು ಎಂಬ ಮಾತು ಕೇರಿಯ ಯಮನಪ್ಪನ ಬಾಯಿಂದ ಬಂದರೆ ಕಾಳವ್ವನವರ ಭಕ್ತಿಗೆ ಅವಮಾನ, ಶೆಡ್ಡು ಹೋದಂತೆಯೇ. ಹೇಳದಿದ್ದರೆ ಕಳ್ಳನೆಂಬ ಹೆಸರು ಹೋಗುವುದಿಲ್ಲ.

"ಕಸಾ ಇತ್ತು ಅಂತ ಹೇಳತೀನಿ" ಎಂದ.

"ಕಸಾ ಅಂದ್ರ ಕಳ್ಳತನ ಹೋಗತೈತೇನು?" ಎಂದಳು ಕಸ್ತೂರೆವ್ವ.

ಅವನು ಐದೂ ಪತ್ರಿಗಳನ್ನು ತೊಳೆದು, ನೆಲಕ್ಕೆ ಬಿಸಾಡದೆ, ಒಂದು ಕಲ್ಲಿನ ಮೇಲೆ ಇಟ್ಟ. ಆಮೇಲೆ ಸೋಡಾ ಹಾಕಿದ ಬಿಸಿನೀರಿನಿಂದ ಟಾಕಿಯನ್ನು ಮೂರು ಸಲ ತೊಳೆದು ಬಿಸಿಲಿಗೆ ಬಾಯಿ ಮಾಡಿ ಇಟ್ಟರು. ಒಳಗೆ ಒಂದು ಹನಿಯೂ ಇಲ್ಲವೆಂದು ಖಾತ್ರಿಯಾದ ಮೇಲೆ, ಇಳಿಹೊತ್ತಿನಲ್ಲಿ ಯಮನಪ್ಪ ಅದನ್ನು ಮತ್ತೆ ಏರಿಸಿದ. ಕೊನೆಯ ನಟ್ಟು ಬಿಗಿಯುತ್ತಿರುವಾಗ ಟಾಂಗಾ ಬಂದು ನಿಂತಿತು. ಫಕೀರಪ್ಪನವರು ಇಳಿದರು. ಹಿಂದೆ ಕಾಳವ್ವನವರು. ಬಸವನಿಗೆ ಏನಾಗಿದೆ ನೋಡಬೇಕೆಂದು ಹಟ ಮಾಡಿ ಬಂದಿದ್ದರಂತೆ.

ಸಾವಕಾರರು ಸೀದಾ ಪಂಪಿನ ನಂಬರು ನೋಡಿದರು, ಕಿಸೆಯಲ್ಲಿದ್ದ ಅಂಗಡಿಯ ಪಾವತಿ ಚೀಟಿ ನೋಡಿದರು. ಎರಡೂ ಒಂದೇ. ಅವರ ಮುಖ ಸಣ್ಣದಾಯಿತು. "ಮತ್ತ ಯಾಕ ನಿಂದರತಿತ್ತು?" ಎಂದರು.

"ಕಸಾ ಇತ್ರಿ" ಎಂದ ಯಮನಪ್ಪ.

ಆದರೆ ಕಾಳವ್ವನವರು ಆಗಲೇ ಕಲ್ಲಿನ ಮುಂದೆ ಬಗ್ಗಿ ನಿಂತಿದ್ದರು. "ಇವು ನಮ್ಮ ಹಿತ್ತಲದ ಪತ್ರಿ" ಎಂದರು. ಆಮೇಲೆ ಮಗನ ಕಡೆ ತಿರುಗಿದರು. "ಫಕೀರಾ, ಇವನ್ನ ಟಾಕ್ಯಾಗ ಹಾಕಿದಾಕಿ ನಾನು."

"ಮುಚ್ಚಳ ತಗದಾಂವ ನಾನ್ರಿ" ಎಂದೆ. ತಡವಾಗಿಯಾದರೂ ನನ್ನ ನಾಲಿಗೆ ಎದ್ದಿತು.

ಮುದುಕಿ ನಕ್ಕರೋ ಅತ್ತರೋ ತಿಳಿಯಲಿಲ್ಲ, ಎರಡೂ ಇದ್ದವು. "ಅಯ್ಯ ಶಿವನ, ಉಣ್ಣಸ್ತೀನಿ ಅಂತ ಹೋಗಿ ಗಂಟಲದಾಗ ತುರುಕೀನಲ್ಲೋ! ಹಂಗಾರ ಇದಕ್ಕ ತೀರ್ಥ ಎಲ್ಲಿ ಹಾಕಬೇಕೋ ತಮ್ಮಾ?" ಎಂದು ಯಮನಪ್ಪನನ್ನು ಕೇಳಿದರು.

ಅವನು ಮುಂದಿನ ರೇಡಿಯೇಟರಿನ ಮುಚ್ಚಳ ತೋರಿಸಿದ. "ಇದಕ್ಕ ನೀರು ಕುಡಿಯೂ ಬಾಯಿ ಬ್ಯಾರೆ ಐತ್ರಿ ಅವ್ವಾರ. ತೀರ್ಥ ಇಲ್ಲಿ ಹಾಕ್ರಿ. ಪತ್ರಿ ಮಾತ್ರ ಮುಡಸ್ರಿ, ತಿನ್ನಸಬ್ಯಾಡ್ರಿ."

ಸಾವಕಾರರಿಗೂ ನಗು ಬಂತು. "ಆತು ಬಿಡು. ಹಾದ್ಯಾಗ ನಿಂತದ್ದು ನಿನ್ನಿಂದ ಅಲ್ಲ. ಶೆಡ್ಡು ನಿನಗ, ಮುಗೀತು" ಎಂದರು.

ಕಸ್ತೂರೆವ್ವ ಕಣ್ಣು ಮುಚ್ಚಿಕೊಂಡಳು. ಇನ್ನೇನು ಯಮನಪ್ಪ ಕೈ ಮುಗಿಯುತ್ತಾನೆ ಎಂದುಕೊಂಡೆ. ಅವನು ಮುಗಿಯಲಿಲ್ಲ.

"ಮುಗೀಲಿಲ್ರಿ ಸಾವಕಾರ್ರ. ಕಳ್ಳ ಅನ್ನೂ ಮಾತು ಅಡ್ಡೆದಾಗ ಬಿದ್ದೈತಿ. ಅದು ಅಲ್ಲೇ ಇದ್ದರ ಈ ಶೆಡ್ಡಿಗೆ ಯಾರು ಗಾಡಿ ತರತಾರ? ಹತ್ತ ಮಂದಿ ಮುಂದ ಅಂದದ್ದು ಹತ್ತ ಮಂದಿ ಮುಂದನ ಹೋಗಬೇಕ್ರಿ. ಇಲ್ಲಂದ್ರ ನನಗ ಶೆಡ್ಡು ಬ್ಯಾಡ."

ಅವನ ಕಣ್ಣು ಕೆಳಗಿಳಿಯಲಿಲ್ಲ. ಇಷ್ಟು ವರ್ಷ ಕಾದ ವಸ್ತು ಕೈಗೆ ಬಂದಾಗ ಬೇಡವೆನ್ನಲು ಎಂಥ ಗಟ್ಟಿ ಎದೆ ಬೇಕು! ನನಗಿಲ್ಲ ಅಂಥದ್ದು.

"ನಾನು ಅಡ್ಡೆದಾಗ ನಿಂತು ನಿನ್ನ ಮುಂದ..." ಎಂದು ಸಾವಕಾರರು ಕೆಂಪಾದರು. ಕಾಳವ್ವನವರು ಅವರ ಮಾತು ಮುಗಿಯಗೊಡಲಿಲ್ಲ.

"ಮಾತು ಆಡಿದರೆ ಹೋತು, ಮುತ್ತು ಒಡೆದರೆ ಹೋತು. ನೀ ಹೇಳದಿದ್ರ ನಾ ಹೇಳತೀನಿ. ಬಸಣ್ಣ, ಗಾಡಿ ಹೊಡಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಪ್ಪತ್ತರ ಆ ಹೆಣ್ಣುಮಗಳು ಲಾರಿ ಹತ್ತಿದರು. ವಿಧಿಯಿಲ್ಲದೆ ಸಾವಕಾರರೂ ಹತ್ತಿದರು. ಯಮನಪ್ಪ ಸೋಸಿಟ್ಟ ಪೆಟ್ರೋಲನ್ನು ಟಾಕಿಗೆ ಸುರಿದು, ಕಸ್ತೂರೆವ್ವನೊಡನೆ ಹಿಂದೆ ಹತ್ತಿ ನಿಂತ. ಗಬ್ಬೂರಿನಿಂದ ಅಡ್ಡೆಯವರೆಗೆ ಲಾರಿ ಒಂದು ಸಲವೂ ಕೆಮ್ಮಲಿಲ್ಲ.

ಅಡ್ಡೆಯಲ್ಲಿ ನಿನ್ನೆಯ ಮಂದಿಯೇ ಇದ್ದರು. ಕಾಳವ್ವನವರು ಕೆಳಗಿಳಿಯದೆ ಲಾರಿಯ ಮೆಟ್ಟಿಲ ಮೇಲೆ ನಿಂತರು.

"ಕೇಳ್ರಪಾ ಎಲ್ಲಾರೂ. ನಿನ್ನೆ ನನ್ನ ಮಗಾ ಯಮನಪ್ಪಗ ಕಳ್ಳ ಅಂದಾನ. ಯಮನಪ್ಪ ಕಳ್ಳ ಅಲ್ಲ. ಗಾಡಿ ಹೊಟ್ಟ್ಯಾಗ ಪತ್ರಿ ಹಾಕಿದಾಕಿ ನಾನು. ನಗೂದಿದ್ರ ನನ್ನ ನೋಡಿ ನಗ್ರಿ."

ಒಬ್ಬರೂ ನಗಲಿಲ್ಲ. ನಾನು ಕೆಳಗಿಳಿದು, ಹೊಸ ಪಂಪು ಹಾಕಿದ್ದನ್ನು ನಾನು ನೋಡಿದ್ದೆ, ನಿನ್ನೆ ಹೆದರಿ ಸುಮ್ಮನಿದ್ದೆ ಎಂದು ಹೇಳಿದೆ. ಎಲ್ಲರೂ ಫಕೀರಪ್ಪನವರ ಕಡೆ ನೋಡಿದರು. ಅವರು ಕೋಟಿನ ಗುಂಡಿಯನ್ನು ಎರಡು ಸಲ ಹಾಕಿ ಎರಡು ಸಲ ಬಿಚ್ಚಿದರು. ಕೊನೆಗೆ, "ನಾ ಅಂದದ್ದು ತಪ್ಪು. ಯಮನಪ್ಪನ ಕೈ ಸ್ವಚ್ಛ ಐತಿ" ಎಂದರು. ದೊಡ್ಡ ದನಿಯೇನಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

ಆಗ ಯಮನಪ್ಪ ಹಿಂದಿನಿಂದ ಧುಮುಕಿ ಮುಂದೆ ಬಂದ. ಉಪಕಾರವಾಯಿತು ಎನ್ನುತ್ತಾನೇನೋ ಎಂದುಕೊಂಡರೆ, "ನಂದೂ ಒಂದು ತಪ್ಪೈತ್ರಿ. ಪಂಪ ಹಾಕಿದ ದಿನ ಟಾಕಿ ಇಳಸಬೇಕಿತ್ತು. ಅವಸರ ಅಂದ್ರಂತ ಬಿಟ್ಟೆ. ಇನ್ನ ಯಾರು ಅವಸರ ಮಾಡಿದರೂ ಬಿಡೂದಿಲ್ಲ" ಎಂದ.

ಅಡ್ಡೆಯ ತುದಿಯಲ್ಲಿ ಏಕನಾಥ ನಿಂತಿದ್ದ. ಅವನು ಬೆಳಗಾವಿ ಲೈನಿನ ಡ್ರೈವರ, ಯಮನಪ್ಪನ ಹೆಸರಿಟ್ಟು ಚಾಷ್ಟಿ ಮಾಡುವವರಲ್ಲಿ ಮೊದಲಿಗ. ಚಹಾದ ಬಶಿ ಕೆಳಗಿಟ್ಟು ಕೇಳಿದ: "ಯಮನಪ್ಪ, ನನ್ನ ಗಾಡಿನೂ ಏರಿನ್ಯಾಗ ಎಳ್ಯಾಕ ಒಲ್ಲೆ ಅಂತೈತಿ. ನಾಳೆ ಗಬ್ಬೂರಿಗೆ ತರ್ಲೇನು?"

"ತಗೊಂಬಾ. ಒಂದ ದಿನ ಬಿಡಬೇಕು ಮತ್ತ."

"ಎರಡ ದಿನ ಇಟ್ಕೋಪಾ" ಎಂದ ಏಕನಾಥ.

ಕಸ್ತೂರೆವ್ವ ಲಾರಿಯ ಹಲಗೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಅಳು ಬಂತು, ನಾನೇನು ಕಲ್ಲಲ್ಲ.

ಪಾಡ್ಯದ ಮರುದಿನ ನಾನು ಗಬ್ಬೂರಿಗೆ ಹೋದೆ. ಶೆಡ್ಡಿನ ಮುಂದೆ ಎರಡು ಟಾಕಿಗಳು ಬಿಸಿಲಿಗೆ ಒಣಗುತ್ತಿದ್ದವು. ಯಮನಪ್ಪ ಯಾವುದೋ ಜೀಪಿನ ಕೆಳಗೆ ಮಲಗಿದ್ದ, ಕಾಲು ಮಾತ್ರ ಕಾಣುತ್ತಿದ್ದವು. ಮೂರನೆಯ ಟಾಕಿಯ ಮುಂದೆ ಕಸ್ತೂರೆವ್ವ ಒಬ್ಬಳೇ ಕೂತಿದ್ದಳು. ನಾನು ಬೀಡಿ ಕಟ್ಟು ತೆಗೆದು ಬೇವಿನ ಗಿಡದ ಬುಡದಲ್ಲಿಟ್ಟು ಬಂದು, ಮಾತು ಹೇಗೆ ಶುರು ಮಾಡಲೆಂದು ತಿಳಿಯದೆ ನಿಂತೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂತು ಏನ ನೋಡ್ತೀರಿ ಬಸಣ್ಣಾರ? ಆ ಕಡೆ ಹಿಡೀರಿ" ಎಂದಳು.